ವೈದ್ಯನ ಪಾತ್ರ ಯಾರ ಪಾಲಿಗೆ? ಕಥೆಯಾಟದ ತಂಡದಲ್ಲಿ ಪಾತ್ರಗಳ ಹಂಚಿಕೆ

(ಮಳೆಗಾಲದ ಒಂದು ಭಾನುವಾರ ಶಿರಸಿಯಲ್ಲಿ ಕಥೆಯಾಟದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ನಮ್ಮಲ್ಲಿ ವೈದ್ಯನ ಪಾತ್ರ ಖಾಲಿ ಇದೆ, ನೀನು ಅದನ್ನೇ ತೆಗೆದುಕೊಂಡುಬಿಡು.’ ಕಥೆಯಾಟಕ್ಕೆ ಹೊಸದಾಗಿ ಬಂದವರ ಕಿವಿಗೆ ಮೊದಲು ಬೀಳುವ ಮಾತು ಬಹಳ ಕಡೆ ಇದೇ. ಹಳಬರು ಅಷ್ಟರಲ್ಲಿ ಖಡ್ಗ, ಬಿಲ್ಲು, ಬೆಂಕಿಯ ಮಂತ್ರ ಎಲ್ಲವನ್ನೂ ಹಂಚಿಕೊಂಡು ಕುಳಿತಿರುತ್ತಾರೆ. ತಡವಾಗಿ ಬಂದವರಿಗೆ, ವಯಸ್ಸಿನಲ್ಲಿ ಚಿಕ್ಕವರಿಗೆ, ಬೇಡ ಎನ್ನಲು ಸಂಕೋಚಪಡುವವರಿಗೆ ಉಳಿದದ್ದು ಸಿಗುತ್ತದೆ. ಆಮೇಲೆ ಇಡೀ ಸಂಜೆ ಅವರ ಕೆಲಸ ಒಂದೇ: ಬೇರೆಯವರ ಗಾಯ ಎಣಿಸುತ್ತ ಕೂರುವುದು. ನಾಲ್ಕು ವಾರ ಬರುತ್ತಾರೆ, ಐದನೆಯ ವಾರ ‘ಮನೆಯಲ್ಲಿ ಕೆಲಸವಿದೆ’ ಎನ್ನುತ್ತಾರೆ. ಅವರಿಗೆ ಆಟ ಹಿಡಿಸಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆಟ ಅವರಿಗೆ ಸಿಕ್ಕೇ ಇರಲಿಲ್ಲ. ಇವತ್ತು ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ತಂಡದ ಸಮತೋಲನದ ಹೆಸರಿನಲ್ಲಿ ಯಾರ ತಲೆಯ ಮೇಲೂ ಪಾತ್ರ ಹೇರಬೇಕಾಗಿಲ್ಲ. ಈಗಿನ ನಿಯಮಗಳು ಅದನ್ನು ಕೇಳುವುದೂ ಇಲ್ಲ.

ಈ ಆಟವನ್ನು ಇನ್ನೂ ನೋಡದವರೂ ಸಭೆಯಲ್ಲಿದ್ದೀರಿ. ಚುಟುಕಾಗಿ ಹೇಳುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಕಥೆಯ ಲೋಕ, ಅಲ್ಲಿನ ಊರು, ರಾಕ್ಷಸರು, ವ್ಯಾಪಾರಿಗಳು ಎಲ್ಲರನ್ನೂ ನಡೆಸುವವರು ಅವರು. ಉಳಿದವರಿಗೆ ತಲೆಗೊಂದು ಪಾತ್ರ. ‘ನಾನು ಬಾಗಿಲು ಒದೆಯುತ್ತೇನೆ’ ಎನ್ನುತ್ತೀರಿ. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಿ, ನಿಮ್ಮ ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕ ಕೂಡಿಸುತ್ತೀರಿ. ಗೇಮ್ ಮಾಸ್ಟರ್ ಇಟ್ಟ ಗುರಿಯನ್ನು ಮುಟ್ಟಿದರೆ ಬಾಗಿಲು ತೆರೆಯಿತು. ಮುಟ್ಟದಿದ್ದರೆ ಒಳಗಿದ್ದವರಿಗೆ ಸದ್ದು ಕೇಳಿಸಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು ಹೊರತಂದಾಗ ಅದರಲ್ಲಿದ್ದದ್ದು ಪಾತ್ರಗಳ ಮೂರೇ ವರ್ಗ: ಕಾದಾಳು, ಮಂತ್ರವಾದಿ, ಕ್ಲೆರಿಕ್. ಬೀಗ ತೆಗೆಯುವ, ಬಲೆ ಗುರುತಿಸುವ ಕಳ್ಳ ಸೇರಿದ್ದು 1975ರಲ್ಲಿ, ಗ್ರೇಹಾಕ್ ಎಂಬ ಪೂರಕ ಪುಸ್ತಿಕೆಯ ಮೂಲಕ. ದೇವರ ಬಲದಿಂದ ಗಾಯ ಮಾಯಿಸುವ ಕ್ಲೆರಿಕ್ ಇಲ್ಲದೆ ತಂಡವೇ ಇಲ್ಲ ಎಂಬ ನಂಬಿಕೆ ಅಲ್ಲಿಂದಲೇ ಬಂದದ್ದು. ಆದರೆ ಆ ಮೊದಲ ಪುಸ್ತಕದ ಕ್ಲೆರಿಕ್‌ಗೆ ಮೊದಲ ಲೆವೆಲ್‌ನಲ್ಲಿ, ಅಂದರೆ ಆರಂಭದ ಮಟ್ಟದಲ್ಲಿ, ಒಂದು ಮಂತ್ರವೂ ಇರಲಿಲ್ಲ ಎನ್ನುವುದನ್ನು ಗಮನಿಸಿ. 2008ರ ನಾಲ್ಕನೆಯ ಆವೃತ್ತಿ ಪಾತ್ರಗಳಿಗೆ ನೇರವಾಗಿ ಹಣೆಪಟ್ಟಿ ಕಟ್ಟಿತು. ಮುಂದೆ ನಿಂತು ಏಟು ತಡೆಯುವವರು ಡಿಫೆಂಡರ್, ಒಬ್ಬನನ್ನು ಹಿಡಿದು ಬಲವಾಗಿ ಹೊಡೆಯುವವರು ಸ್ಟ್ರೈಕರ್, ಉಳಿದವರಿಗೆ ಬಲ ತುಂಬುವವರು ಲೀಡರ್, ರಣರಂಗವನ್ನೇ ತಿರುಚುವವರು ಕಂಟ್ರೋಲರ್. 2014ರ ಐದನೆಯ ಆವೃತ್ತಿ ಈ ಪಟ್ಟಿಗಳನ್ನು ಕಿತ್ತುಹಾಕಿ ಹನ್ನೆರಡು ವರ್ಗಗಳನ್ನು ಕೊಟ್ಟಿತು. 2024ರ ಪರಿಷ್ಕೃತ ಪುಸ್ತಕದಲ್ಲೂ ಇರುವುದು ಆ ಹನ್ನೆರಡೇ.

ಪಟ್ಟಿ ಹೋದರೂ ಅಭ್ಯಾಸ ಹೋಗಲಿಲ್ಲ. ಅದಕ್ಕೆ ಕಾರಣ ಕಂಪ್ಯೂಟರ್ ಆಟಗಳು ಎಂದು ನನ್ನ ಅಭಿಪ್ರಾಯ. 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿ ಬಂದವರಿಗೆ ಏಟು ತಿನ್ನುವವನು, ಗಾಯ ಮಾಯಿಸುವವನು, ಹೊಡೆಯುವವನು ಎಂಬ ಮೂರು ಖಾನೆ ತಲೆಯಲ್ಲಿ ಅಚ್ಚಾಗಿರುತ್ತವೆ. ಆ ಆಟಗಳಲ್ಲಿ ಅದು ಸರಿಯೂ ಹೌದು. ಯಾರ ಮೇಲೆ ಎಷ್ಟು ಸಿಟ್ಟಾಗಬೇಕು ಎಂಬುದನ್ನು ಅಲ್ಲಿನ ರಾಕ್ಷಸ ಒಂದು ಲೆಕ್ಕದಿಂದ ತೀರ್ಮಾನಿಸುತ್ತಾನೆ, ಆಟಗಾರ ಆ ಲೆಕ್ಕವನ್ನು ಏರಿಸಿ ಅವನನ್ನು ತನ್ನ ಮುಂದೆಯೇ ಕಟ್ಟಿಹಾಕಬಹುದು. ನಮ್ಮ ಮೇಜಿನ ಮೇಲೆ ರಾಕ್ಷಸನನ್ನು ನಡೆಸುವುದು ಒಬ್ಬ ಮನುಷ್ಯ. ಕವಚ ತೊಟ್ಟು ಎದುರಿಗೆ ನಿಂತವನನ್ನು ಬಿಟ್ಟು, ಹಿಂದೆ ಮಂತ್ರ ಹೇಳುತ್ತಿರುವ ನರಪೇತಲನ ಕಡೆಗೆ ಹೋಗುವಷ್ಟು ಬುದ್ಧಿ ಆ ರಾಕ್ಷಸನಿಗೆ ಇರುತ್ತದೆ.

ಈಗ ವೈದ್ಯನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜಗಳವೆಲ್ಲ ಇಲ್ಲೇ ಇದೆ.

ಓಗರ್ ಎಂಬ ದೈತ್ಯನನ್ನು ತೆಗೆದುಕೊಳ್ಳಿ. ಅವನ ದೊಣ್ಣೆಯ ಒಂದು ಏಟಿಗೆ ಎಂಟು ಮುಖದ ಎರಡು ದಾಳ, ಜೊತೆಗೆ 4. ಸರಾಸರಿ 13 ಹಿಟ್ ಪಾಯಿಂಟ್, ಅಂದರೆ ಜೀವಬಲದ ಅಂಕ, ಹೋಯಿತು. 2014ರ ನಿಯಮದಲ್ಲಿ ಗಾಯ ಮಾಯಿಸುವ ಮೊದಲ ಮಂತ್ರ ‘ಕ್ಯೂರ್ ವೂಂಡ್ಸ್’. ಅದಕ್ಕೆ ಎಂಟು ಮುಖದ ಒಂದು ದಾಳ, ಜೊತೆಗೆ ಸಾಮರ್ಥ್ಯದ ಅಂಕ 3 ಎಂದಿಟ್ಟುಕೊಳ್ಳೋಣ. ಸರಾಸರಿ ಏಳೂವರೆ. 2024ರಲ್ಲಿ ಈ ಮಂತ್ರದ ದಾಳವನ್ನು ಎರಡಕ್ಕೆ ಏರಿಸಿದರು, ಸರಾಸರಿ 12 ಆಯಿತು. ಆದರೂ 13ನ್ನು ದಾಟಲಿಲ್ಲ. ಅಂದರೆ ವೈದ್ಯನಾದವನು ತನ್ನ ಸರದಿಯನ್ನು, ದಿನಕ್ಕೆ ಇಷ್ಟೇ ಎಂದು ಅಳೆದುಕೊಟ್ಟ ಮಂತ್ರದ ಬಲವನ್ನು ಖರ್ಚು ಮಾಡಿ ತುಂಬಿದ್ದನ್ನು ಓಗರ್ ಸರಿಯಾಗಿ ತಾಗಿದ ಒಂದೇ ಏಟಿನಲ್ಲಿ ಬರಿದು ಮಾಡುತ್ತಾನೆ. ಮುಂದಿನ ಸುತ್ತಿನಲ್ಲಿ ಓಗರ್‌ನ ದೊಣ್ಣೆ ಹಾಗೆಯೇ ಇರುತ್ತದೆ, ವೈದ್ಯನ ಮಂತ್ರ ಒಂದು ಕಡಿಮೆಯಾಗಿರುತ್ತದೆ. ಅದೇ ಸರದಿಯಲ್ಲಿ ಅವನೂ ಹೊಡೆದಿದ್ದರೆ, ಇಲ್ಲವೇ ಓಗರ್‌ನ ಕಾಲಿಗೆ ಬಳ್ಳಿ ಸುತ್ತಿದ್ದರೆ, ಜಗಳ ಒಂದು ಸುತ್ತು ಮೊದಲೇ ಮುಗಿದು ಆ 13 ಹೋಗದೆ ಉಳಿಯಬಹುದಿತ್ತು.

ಹಾಗಾದರೆ ಗಾಯ ಮಾಯಿಸುವುದೇ ಬೇಡವೇ? ಬೇಕು. ಆದರೆ ಯಾವಾಗ ಎಂದು ನೋಡಬೇಕು. ಐದನೆಯ ಆವೃತ್ತಿಯಲ್ಲಿ 1 ಪಾಯಿಂಟ್ ಉಳಿದಿರುವ ಯೋಧನೂ 30 ಇರುವ ಯೋಧನೂ ಒಂದೇ ಬಲದಿಂದ ಹೊಡೆಯುತ್ತಾರೆ. ಸೊನ್ನೆಗೆ ಇಳಿದಾಗ ಮಾತ್ರ ಕುಸಿದು ಬೀಳುತ್ತಾರೆ. ಬಿದ್ದವರು ತಮ್ಮ ಸರದಿ ಬಂದಾಗೆಲ್ಲ ದಾಳ ಉರುಳಿಸಬೇಕು: 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಿಗೆ ಜೀವ ನಿಲ್ಲುತ್ತದೆ, ಮೂರು ಸೋಲಿಗೆ ಸಾವು. ಆದ್ದರಿಂದ ಬಿದ್ದವರನ್ನು ಎಬ್ಬಿಸುವ ಒಂದೇ ಒಂದು ಪಾಯಿಂಟಿಗೆ ಇರುವ ಬೆಲೆ ನಿಂತವರಿಗೆ ಕೊಡುವ ಏಳೂವರೆಗೆ ಇಲ್ಲ. ಎಬ್ಬಿಸುವ ಕೆಲಸಕ್ಕೆ ಕ್ಲೆರಿಕ್ಕೇ ಬೇಕೆಂದಿಲ್ಲ. ‘ಹೀಲಿಂಗ್ ವರ್ಡ್’ ಮಂತ್ರ 60 ಅಡಿ ದೂರದಿಂದ ತಾಗುತ್ತದೆ. ಅದು ಹಾಡುಗಾರನಾದ ಬಾರ್ಡ್‌ಗೂ ನಿಸರ್ಗದ ಬಲವುಳ್ಳ ಡ್ರೂಯಿಡ್‌ಗೂ ಸಿಗುತ್ತದೆ. ಮೂರನೆಯ ಲೆವೆಲ್‌ನ ಪ್ಯಾಲಡಿನ್ ಎಂಬ ದೈವಬಲದ ಯೋಧನ ಕೈಯಲ್ಲಿ ಸ್ಪರ್ಶದಿಂದ ಹಂಚಬಹುದಾದ 15 ಪಾಯಿಂಟ್ ಇರುತ್ತವೆ. ಒಂದೊಂದರಂತೆ ಖರ್ಚು ಮಾಡಿದರೆ ಹದಿನೈದು ಸಲ ಬಿದ್ದವರನ್ನು ಎಬ್ಬಿಸಬಹುದು. ಯಾವ ಮಂತ್ರವೂ ತಿಳಿಯದವರು 50 ಚಿನ್ನದ ನಾಣ್ಯ ಕೊಟ್ಟು ಒಂದು ಬಾಟಲಿ ಮದ್ದು ಕೊಳ್ಳಬಹುದು. 5 ನಾಣ್ಯದ ವೈದ್ಯಚೀಲವನ್ನು ಹತ್ತು ಸಲ ಬಳಸಬಹುದು. ಬಿದ್ದವರನ್ನು ಅದು ಎಬ್ಬಿಸುವುದಿಲ್ಲ, ಆದರೆ ಸಾಯಲು ಬಿಡುವುದಿಲ್ಲ. ಜಗಳ ಮುಗಿದ ಮೇಲೆ ಒಂದು ಗಂಟೆ ವಿಶ್ರಾಂತಿ ತೆಗೆದುಕೊಂಡರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಹಿಟ್ ಡೈಸ್ ಎಂಬ ಚೇತರಿಕೆಯ ದಾಳಗಳನ್ನು ಉರುಳಿಸಿ ಚೇತರಿಸಿಕೊಳ್ಳಬಹುದು.

ಇದನ್ನೆಲ್ಲ ನೋಡಿದ ಮೇಲೆ, ತಂಡಕ್ಕೆ ವೈದ್ಯನೊಬ್ಬ ಬೇಕೇ ಬೇಕು ಎಂದು ಚಿಕ್ಕವರೊಬ್ಬರನ್ನು ಹಿಡಿದು ಕೂರಿಸುವುದು ನ್ಯಾಯವಲ್ಲ. ಪ್ರೀತಿಯಿಂದ ಕ್ಲೆರಿಕ್ ಆಡುವವರಿದ್ದಾರೆ, ಅವರ ಮಾತು ಬೇರೆ. ಅದು ಹನ್ನೆರಡರಲ್ಲೇ ಶ್ರೀಮಂತವಾದ ವರ್ಗಗಳಲ್ಲಿ ಒಂದು. ಅವರು ಅದನ್ನು ಕೇಳಿ ಪಡೆದುಕೊಳ್ಳಲಿ.

ಮುಂದೆ ನಿಲ್ಲುವವನ ವಿಷಯದಲ್ಲೂ ಇದೇ ತಪ್ಪು ಗ್ರಹಿಕೆ. ದೊಡ್ಡ ಕವಚ ತೊಟ್ಟವನೊಬ್ಬ ಇದ್ದರೆ ಹಿಂದಿನವರು ನಿಶ್ಚಿಂತರು ಎಂದುಕೊಳ್ಳುತ್ತೇವೆ. ಬಯಲಿನಲ್ಲಿ ಅವನನ್ನು ಬಳಸಿಕೊಂಡು ಹೋಗುವುದು ಯಾರಿಗೂ ಕಷ್ಟವಲ್ಲ. ಹಾದುಹೋಗುವವರ ಮೇಲೆ ಅವನಿಗೆ ಸಿಗುವುದು ಒಂದು ಸುತ್ತಿನಲ್ಲಿ ಒಂದೇ ಎದುರೇಟು. ಅವನ ಬೆಲೆ ತಿಳಿಯುವುದು ಜಾಗ ಇಕ್ಕಟ್ಟಾದಾಗ. ಕುಮಟಾದ ಹತ್ತಿರದ ಮಿರ್ಜಾನ್ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಆ ಜಂಬಿಟ್ಟಿಗೆ ಕಲ್ಲಿನ ಗೋಡೆಗಳ ನಡುವಿನ ಬಾಗಿಲಲ್ಲಿ ಗುರಾಣಿ ಹಿಡಿದ ಒಬ್ಬ ನಿಂತರೆ ಸಾಕು, ಹಿಂದಿನ ನಾಲ್ವರಿಗೆ ಉಸಿರಾಡಲು ಸಮಯ ಸಿಗುತ್ತದೆ. ಹಾಗಾಗಿ ಯೋಧನ ಪಾತ್ರ ಸಾರ್ಥಕವಾಗುವುದು ಅರ್ಧ ಆಟಗಾರನಿಂದ, ಇನ್ನರ್ಧ ನಕ್ಷೆ ಬಿಡಿಸುವ ಗೇಮ್ ಮಾಸ್ಟರ್‌ನಿಂದ. ಸದಾ ಬಯಲಿನಲ್ಲೇ ಜಗಳ ಇಡುವ ಗೇಮ್ ಮಾಸ್ಟರ್ ‘ನಿಮ್ಮ ತಂಡಕ್ಕೆ ಸಮತೋಲನವಿಲ್ಲ’ ಎಂದರೆ ನಾನು ಒಪ್ಪುವುದಿಲ್ಲ.

ಪಾತ್ರ ಹಂಚುವಾಗ ನಾನು ಹಿಡಿದಿರುವ ಸೂತ್ರವನ್ನು ಈಗ ಹೇಳುತ್ತೇನೆ. ತಂಡಕ್ಕೆ ಅಗತ್ಯವಾದ ಪ್ರತಿಯೊಂದು ಕೆಲಸವೂ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಅದರ ಜೊತೆಗೆ, ಉಳಿದ ಯಾರಿಗೂ ಬಾರದ ಒಂದು ವಿದ್ಯೆ ಪ್ರತಿಯೊಬ್ಬರಿಗೂ ಇರಬೇಕು. ಎರಡೂ ಒಟ್ಟಿಗೆ ಇರಬೇಕು.

ಮೊದಲನೆಯದು ಏಕೆ ಎಂಬುದು ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಆಟಗಾರರಲ್ಲಿ ಅಡಿಕೆ ತೋಟದವರೇ ಹೆಚ್ಚು. ಕೊಯ್ಲಿನ ತಿಂಗಳಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಯಾವ ದಿನ ಸಿಗುತ್ತಾರೋ ಅದೇ ದಿನ ಕೊಯ್ಲು. ಆ ದಿನ ಭಾನುವಾರವಾದರೆ ಆಟಕ್ಕೆ ಬರುವ ಮಾತೇ ಇಲ್ಲ. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಿಟ್ಟರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಓಡಬೇಕು. ಕಾರವಾರದಿಂದ ಬರುವವರಿಗೆ ಘಟ್ಟದಲ್ಲಿ ಗುಡ್ಡ ಕುಸಿದರೆ ದಾರಿಯೇ ಇಲ್ಲ. ಬೀಗ ತೆಗೆಯಲು ಬರುವ ಒಬ್ಬರೇ ಒಬ್ಬರು ಗೈರಾದ ದಿನ ಇಡೀ ತಂಡ ಬೀಗದ ಮುಂದೆ ಕುಳಿತಿರಬೇಕೇ? ಅದರಿಂದ ಬಂದವರ ಸಂಜೆ ಹಾಳು, ಬಾರದವರಿಗೆ ತಪ್ಪಿತಸ್ಥ ಭಾವನೆ. ಬೀಗ ಇಬ್ಬರಿಗೆ ಬರಲಿ. ಒಬ್ಬರು ಕಡ್ಡಿ ತಿರುಗಿಸಿ ತೆಗೆಯಲಿ, ಇನ್ನೊಬ್ಬರು ಮಂತ್ರದಿಂದ ತೆಗೆಯಲಿ, ಮೂರನೆಯವರು ಬೇಕಾದರೆ ಒದೆಯಲಿ.

ಎರಡನೆಯದು ಮನಸ್ಸಿನ ವಿಷಯ. ನಾನು ಇವತ್ತು ಬರದಿದ್ದರೂ ನಡೆಯುತ್ತಿತ್ತು ಎನ್ನುವುದು ಬೇರೆ, ನಾನು ಬಂದದ್ದರಿಂದ ಇದು ಹೀಗೆ ನಡೆಯಿತು ಎನ್ನುವುದು ಬೇರೆ. ಈ ಎರಡನೆಯ ಅನುಭವ ಪ್ರತಿ ಆಟಗಾರರಿಗೂ ತಿಂಗಳಿಗೊಮ್ಮೆಯಾದರೂ ಸಿಗದಿದ್ದರೆ ಅವರು ಉಳಿಯುವುದಿಲ್ಲ, ಉಳಿಯಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಅದಕ್ಕೆ ವರ್ಗವೇ ಬೇರೆಯಾಗಬೇಕೆಂದಿಲ್ಲ. ತಂಡದಲ್ಲಿ ಯಕ್ಷರ ಭಾಷೆ ಬಲ್ಲವರು ಒಬ್ಬರೇ ಇರಬಹುದು. ಹಾವಿನೊಡನೆ ಮಾತಾಡಬಲ್ಲವರು, ದೋಣಿ ನಡೆಸಬಲ್ಲವರು, ಅರಮನೆಯಲ್ಲಿ ಹೇಗೆ ಕುಳಿತುಕೊಳ್ಳಬೇಕೆಂದು ತಿಳಿದವರು ಒಬ್ಬೊಬ್ಬರೇ ಇರಬಹುದು. ಆ ವಿದ್ಯೆಗೆ ಕಥೆಯಲ್ಲಿ ಬೆಲೆ ಬರುವಂತೆ ನೋಡಿಕೊಳ್ಳುವುದು ಗೇಮ್ ಮಾಸ್ಟರ್ ಕೆಲಸ.

ನಾನು ಹೊಸ ತಂಡ ಕಟ್ಟುವಾಗ ಮೊದಲ ಸಂಜೆ ಆಟವನ್ನೇ ಆಡಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಪಾತ್ರ ರೂಪಿಸುತ್ತೇವೆ. ‘ಯಾವ ವರ್ಗ ಬೇಕು’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಅನುಭವಿಗಳು ಮೊದಲು ಬಾಯಿ ತೆರೆಯುತ್ತಾರೆ, ಹೊಸಬರು ಉಳಿದದ್ದನ್ನು ಆರಿಸಿಕೊಳ್ಳುತ್ತಾರೆ. ಅದರ ಬದಲು, ಜಗಳ ಶುರುವಾದಾಗ ನಿಮ್ಮ ಪಾತ್ರ ಎಲ್ಲಿ ನಿಂತಿರುತ್ತದೆ, ಜಗಳವಿಲ್ಲದ ದಿನ ಏನು ಮಾಡುತ್ತಿರುತ್ತದೆ ಎಂದು ಕೇಳುತ್ತೇನೆ. ಅತಿ ಹೊಸಬರಿಂದ ಶುರುಮಾಡುತ್ತೇನೆ. ಉತ್ತರಗಳನ್ನು ದೊಡ್ಡ ಹಾಳೆಯೊಂದರ ಮೇಲೆ ಬರೆಯುತ್ತ ಹೋದರೆ ಯಾವುದು ಇಬ್ಬರಿಗಿದೆ, ಯಾವುದು ಯಾರಿಗೂ ಇಲ್ಲ ಎಂಬುದು ಎಲ್ಲರ ಕಣ್ಣಿಗೂ ಒಟ್ಟಿಗೇ ಬೀಳುತ್ತದೆ. ಆಗ ಅನುಭವಿಗಳಲ್ಲೇ ಒಬ್ಬರು ‘ಕಾಡಿನ ದಾರಿ ಗೊತ್ತಿರುವವರು ಯಾರೂ ಇಲ್ಲ, ನನ್ನ ಕಾದಾಳು ಬೇಟೆಗಾರನ ಮನೆತನದವನಾಗಲಿ’ ಎನ್ನುತ್ತಾರೆ. ಬಿಟ್ಟುಕೊಡುವವರು ಹಳಬರಾಗಿರಬೇಕು ಎನ್ನುವುದರಲ್ಲಿ ನಾನು ಹಠಮಾರಿ. ನಿಯಮ ಗೊತ್ತಿರುವವರಿಗೆ ಯಾವ ಪಾತ್ರದಿಂದಲೂ ಸಂತೋಷ ಹಿಂಡಿಕೊಳ್ಳುವುದು ಬರುತ್ತದೆ.

ಮಂತ್ರವಾದಿಗಳ ಬಗ್ಗೆ ಒಂದು ಸಣ್ಣ ಸೂಚನೆ. ಇಬ್ಬರು ಮಂತ್ರವಾದಿಗಳಿದ್ದರೆ ಒಬ್ಬರು ಹೆಚ್ಚಾದರು ಎಂದು ಹೇಳುವವರಿದ್ದಾರೆ. ಜೇಡರ ಬಲೆ ಹರಡುವ, ಬಳ್ಳಿ ಸುತ್ತುವ, ಮಂಜು ಕವಿಸುವ ಮಂತ್ರಗಳೆಲ್ಲ ಏಕಾಗ್ರತೆ ಬೇಡುತ್ತವೆ. ಒಬ್ಬರು ಒಂದು ಹೊತ್ತಿಗೆ ಅಂಥದ್ದು ಒಂದನ್ನೇ ಹಿಡಿದಿಡಬಲ್ಲರು, ಏಟು ಬಿದ್ದರೆ ಅದೂ ಕೈತಪ್ಪಬಹುದು. ಇಬ್ಬರಿದ್ದರೆ ಎರಡು ಹಿಡಿಯಬಹುದು. ಹೆಚ್ಚಾಗುವುದು ಎಲ್ಲಿಂದ?

ಈಗ ಆಟದ ಹೊತ್ತನ್ನು ಹಂಚುವ ವಿಷಯ. ನನ್ನ ಮಟ್ಟಿಗೆ ಇದು ಬಲ ಹಂಚುವುದಕ್ಕಿಂತ ದೊಡ್ಡದು. ಈ ಸಭೆಯಲ್ಲಿ ತಾಳಮದ್ದಳೆ ಕೇಳದವರು ಇರಲಿಕ್ಕಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ, ಆ ಮಾತು ಯಾರೂ ಬರೆದುಕೊಟ್ಟದ್ದಲ್ಲ. ನಮ್ಮ ಆಟಕ್ಕೆ ಇಷ್ಟು ಹತ್ತಿರದ ಬಂಧು ಬೇರೊಂದು ನನಗೆ ಕಾಣುವುದಿಲ್ಲ. ಕರ್ಣಪರ್ವದಲ್ಲಿ ಶಲ್ಯನನ್ನು ನೆನಪಿಸಿಕೊಳ್ಳಿ. ಅವನು ಬಾಣ ಬಿಡುವುದಿಲ್ಲ, ಕುದುರೆಯ ಹಗ್ಗ ಹಿಡಿದಿರುತ್ತಾನೆ. ಬಲದ ಲೆಕ್ಕದಲ್ಲಿ ಕರ್ಣನ ಮುಂದೆ ಅವನಿಗೆ ಅಲ್ಲಿ ಏನೂ ಕೆಲಸವಿಲ್ಲ. ಆದರೂ ಬಾಣದ ಗುರಿ ಬದಲಿಸು ಎಂದು ಅವನು ಹೇಳುವ, ಕರ್ಣ ಒಪ್ಪದ ಆ ಘಳಿಗೆಯಲ್ಲಿ ಪ್ರಸಂಗವೆಲ್ಲ ಶಲ್ಯನ ಬಾಯಲ್ಲಿ ನಿಂತಿರುತ್ತದೆ. ಒಳ್ಳೆಯ ಅರ್ಥಧಾರಿ ಶಲ್ಯನ ಪಾತ್ರ ಬಂತೆಂದು ಬೇಸರಪಡುವುದಿಲ್ಲ. ಇದರ ಇನ್ನೊಂದು ಮುಖವೂ ನಿಮಗೆ ಗೊತ್ತು. ಒಬ್ಬರು ಮಾತಿಗೆ ಇಳಿದರೆ ಮುಗಿಸುವುದೇ ಇಲ್ಲ, ಎದುರಿನವರು ಬಾಯಿ ತೆರೆಯುವ ಹೊತ್ತಿಗೆ ಬೆಳಗಾಗುತ್ತ ಬಂದಿರುತ್ತದೆ. ಆಗ ತಿಳಿದ ಭಾಗವತರು ಯಾರನ್ನೂ ಗದರಿಸುವುದಿಲ್ಲ, ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಮದ್ದಳೆಗೆ ಪೆಟ್ಟು ಬಿತ್ತೆಂದರೆ ಮಾತು ಎದುರಿನವರ ಪಾಲಾಯಿತು. ಗೇಮ್ ಮಾಸ್ಟರ್‌ಗಳು ಕಲಿಯಬೇಕಾದ ವಿದ್ಯೆ ಅದು. ‘ನೀವು ಸಂತೆಯಲ್ಲಿ ಚೌಕಾಸಿ ಮಾಡುತ್ತಿರುವಾಗ, ಅತ್ತ ಬಂದರಿನಲ್ಲಿ ಕಾವಲಿಗಿದ್ದ ಡ್ರೂಯಿಡ್‌ಗೆ ಏನು ಕಾಣಿಸಿತು?’ ಎಂದು ಕೇಳಿಬಿಡುವುದು. ಯಾರಿಗೂ ನೋವಾಗದಂತೆ ಸರದಿ ದಾಟುತ್ತದೆ.

ಮಾತು ಸಾಕು, ಒಂದು ಆಟವನ್ನೇ ಹೇಳುತ್ತೇನೆ. ಅಘನಾಶಿನಿ ಸಮುದ್ರ ಸೇರುವ ಜಾಗವನ್ನು ನೋಡಿಕೊಂಡು ನಾನು ಕಥೆಯ ಸೀಮೆಯೊಂದನ್ನು ಕಟ್ಟಿದ್ದೇನೆ. ಉಬ್ಬರಕ್ಕೆ ಉಪ್ಪುನೀರು ನುಗ್ಗಿ ಬರುವ ಗಜನಿ, ಅದರಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತ, ನಡುವೆ ಮಣ್ಣಿನ ಒಡ್ಡು, ನೀರು ಬಿಡಲು ಕಟ್ಟಲು ಹಲಗೆಯ ಬಾಗಿಲು, ಆಚೆಗೆ ಕೋಟೆ. ತಂಡದಲ್ಲಿ ಐವರು: ಕಾದಾಳು, ವಿಝರ್ಡ್ ಎಂಬ ಮಂತ್ರವಾದಿ, ರೋಗ್ ಎಂಬ ಕಳ್ಳ, ಡ್ರೂಯಿಡ್, ಬಾರ್ಡ್. ಕ್ಲೆರಿಕ್ ಇರಲಿಲ್ಲ. ರಾತ್ರಿ ಇಳಿತದ ಹೊತ್ತಿನಲ್ಲಿ ಒಡ್ಡಿನ ಮೇಲೆ ಸದ್ದಿಲ್ಲದೆ ಹೋಗಬೇಕಿತ್ತು. ಕಾದಾಳು ತೊಟ್ಟದ್ದು ಸರಪಳಿ ಕವಚ. ಅದನ್ನು ತೊಟ್ಟು ಅಡಗಿ ನಡೆಯುವಾಗ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. ‘ಇವಳನ್ನು ಇಲ್ಲೇ ಬಿಟ್ಟು ಹೋಗೋಣವೇ’ ಎಂದು ರೋಗ್ ಆಡುವವರು ಕೇಳಿದರು. ಕೇಳಿದ್ದರಲ್ಲಿ ದುರುದ್ದೇಶವಿರಲಿಲ್ಲ. ಕಾದಾಳು ಆಡುತ್ತಿದ್ದ ಹುಡುಗಿ ತಲೆ ತಗ್ಗಿಸಿದಳು. ನಿಯಮದಲ್ಲಿ ಗುಂಪಿನ ಪರೀಕ್ಷೆ ಎಂದೊಂದಿದೆ: ಎಲ್ಲರೂ ದಾಳ ಉರುಳಿಸುತ್ತಾರೆ, ಕನಿಷ್ಠ ಅರ್ಧದಷ್ಟು ಮಂದಿ ಗೆದ್ದರೆ ಗುಂಪೇ ಗೆದ್ದಂತೆ. ಐವರಲ್ಲಿ ಮೂವರು ಸಾಕು. ಅವಳ ದಾಳ ಸೋತಿತು, ಮೂವರದು ಗೆದ್ದಿತು, ಎಲ್ಲರೂ ದಾಟಿದರು. ಒಬ್ಬರ ಕೊರತೆಯನ್ನು ತಂಡ ಹೊತ್ತುಕೊಂಡು ಹೋಗುವುದಕ್ಕೆಂದೇ ಬರೆದ ನಿಯಮವಿದು. ಬಹಳ ಮೇಜುಗಳಲ್ಲಿ ಇದನ್ನು ಬಳಸುವುದೇ ಇಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಆಚೆ ದಡದಲ್ಲಿ ಶತ್ರುಗಳು ಒಡ್ಡಿನಿಂದ ಇಳಿದು ಗಜನಿಯಲ್ಲೇ ನಿಂತಿದ್ದರು. ಲೆಕ್ಕದಲ್ಲಿ ನಮ್ಮವರಿಗಿಂತ ಹೆಚ್ಚು. ವಿಝರ್ಡ್‌ನ ಮಂತ್ರ ಆಗಲೇ ಮುಗಿದಿತ್ತು. ಆಗ ಆ ಹುಡುಗಿ ನನ್ನನ್ನು ಕೇಳಿದಳು: ‘ಈಗ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ?’ ಅವಳ ಅಜ್ಜಿಮನೆ ಕುಮಟಾದ ಕಡೆ. ಉಳಿದ ಯಾರಿಗೂ ಹೊಳೆಯದ ಪ್ರಶ್ನೆ. ಏರಲು ಶುರುವಾಗಿದೆ ಎಂದೆ. ‘ಹಾಗಾದರೆ ನಾನು ಹಲಗೆ ಎತ್ತುತ್ತೇನೆ’ ಎಂದಳು. ನೆನೆದು ಉಬ್ಬಿದ ಹಲಗೆ. ನಾನು ಗುರಿ 15 ಇಟ್ಟೆ. ಅವಳ ಕಾದಾಳಿಗೆ ತೋಳ್ಬಲದ 3, ಕಸರತ್ತಿನ ಅಭ್ಯಾಸದ 2, ಒಟ್ಟು 5. ದಾಳದಲ್ಲಿ 10 ಬೀಳಬೇಕು. ನೂರಕ್ಕೆ 55ರ ಸಂಭವ. ಬಾರ್ಡ್ ಪಕ್ಕಕ್ಕೆ ಹೋಗಿ ಕೈಜೋಡಿಸಿದ. ನೆರವಿದ್ದರೆ ಎರಡು ದಾಳದಲ್ಲಿ ದೊಡ್ಡದನ್ನು ಹಿಡಿಯಬಹುದು, ಸಂಭವ ಸುಮಾರು 80ಕ್ಕೆ ಏರಿತು. ಮೊದಲ ದಾಳ 6, ಎರಡನೆಯದು 14. ಹಲಗೆ ಎದ್ದಿತು, ಉಪ್ಪುನೀರು ನುಗ್ಗಿತು, ಕೆಳಗಿದ್ದವರ ಮೊಣಕಾಲು ಕೆಸರಿನಲ್ಲಿ ಹೂತಿತು. ಬಿಲ್ಲು ಹಿಡಿದ ರೋಗ್ ಒಡ್ಡಿನ ಮೇಲಿಂದ ಒಬ್ಬೊಬ್ಬರನ್ನೇ ಆರಿಸಿದರು. ರಣರಂಗವನ್ನೇ ತಿರುಚುವುದು ಮಂತ್ರವಾದಿಯ ಪಾಲಿನ ಕೆಲಸ ಎಂದು ಬರೆದಿಟ್ಟವರು ಆ ರಾತ್ರಿ ನಮ್ಮ ಮೇಜಿನ ಹತ್ತಿರ ಇರಬೇಕಿತ್ತು. ಮಂತ್ರವಿಲ್ಲದ, ಸರಪಳಿ ತೊಟ್ಟ ಕಾದಾಳು ಅದನ್ನು ಮಾಡಿದಳು. ಅವಳ ಪಾತ್ರದ ಹಾಳೆಯಲ್ಲಿ ಇದ್ದದ್ದು ತೋಳ್ಬಲ ಮಾತ್ರ. ಉಬ್ಬರದ ತಿಳಿವಳಿಕೆ ಅವಳದೇ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಲೆವೆಲ್ ಏರಿದಂತೆ ಮಂತ್ರವಾದಿಗಳು ಉಳಿದವರನ್ನು ಮಸುಕಾಗಿಸುವುದಿಲ್ಲವೇ ಎಂದು ಒಬ್ಬರು ಕೇಳಿದರು. ನಿಜವಾದ ತೊಡಕು. ಐದನೆಯ ಲೆವೆಲ್‌ಗೆ ವಿಝರ್ಡ್ ಕೈಗೆ ಬರುವ ಬೆಂಕಿಯುಂಡೆ 20 ಅಡಿ ತ್ರಿಜ್ಯದೊಳಗಿನ ಎಲ್ಲರ ಮೇಲೂ ಆರು ಮುಖದ ಎಂಟು ದಾಳದ ಏಟು ಹಾಕುತ್ತದೆ, ಸರಾಸರಿ 28. ಅದೇ ಲೆವೆಲ್‌ನಲ್ಲಿ ಕಾದಾಳಿಗೆ ಸಿಗುವುದು ಸರದಿಗೆ ಇನ್ನೊಂದು ಏಟು. ಆದರೆ ಕಾದಾಳಿನ ಏಟು ಮುಗಿಯುವುದಿಲ್ಲ, ಬೆಂಕಿಯುಂಡೆ ಎರಡು ಮೂರು ಸಲಕ್ಕೆ ಮುಗಿಯುತ್ತದೆ. 2014ರ ಗೇಮ್ ಮಾಸ್ಟರ್ ಕೈಪಿಡಿ, ಮಂತ್ರದ ಬಲ ಮತ್ತೆ ತುಂಬುವ ಒಂದು ದೀರ್ಘ ವಿಶ್ರಾಂತಿಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ಮುಖಾಮುಖಿಗಳನ್ನು ತಂಡ ತಾಳಿಕೊಳ್ಳಬಲ್ಲದು ಎಂಬ ಎಣಿಕೆ ಇಟ್ಟುಕೊಂಡಿತ್ತು. ನಾವು ದಿನಕ್ಕೆ ಒಂದೇ ಜಗಳ ಇಟ್ಟು ಮಲಗಲು ಬಿಟ್ಟರೆ ಮಂತ್ರವಾದಿ ಇದ್ದದ್ದನ್ನೆಲ್ಲ ಅದೊಂದರಲ್ಲೇ ಸುರಿಯುತ್ತಾನೆ. ಎಂಟು ಮುಖಾಮುಖಿ ಒಂದು ಸಂಜೆಗೆ ಆಗದು, ನಾನೂ ಮಾಡುವುದಿಲ್ಲ. ಕಥೆಯ ಒಂದು ದಿನವನ್ನು ಎರಡು ಮೂರು ವಾರದ ಆಟಕ್ಕೆ ಹಂಚಿ, ನಡುವೆ ಮಲಗಲು ಬಿಡಬೇಡಿ. ಮಂತ್ರ ಉಳಿಸಿಕೊಳ್ಳುವ ಚಿಂತೆ ಅವನಿಗೆ ಹತ್ತುತ್ತದೆ, ಕಾದಾಳಿನ ಬೆಲೆ ಎಲ್ಲರಿಗೂ ತಿಳಿಯುತ್ತದೆ.

ಇಬ್ಬರಿಗೂ ರೋಗ್ ಆಗಬೇಕೆಂದಿದ್ದರೆ? ಆಗಲಿ. ಒಬ್ಬರು ಬೀಗ ಮತ್ತು ಬಲೆಗಳಲ್ಲಿ ಪಳಗಲಿ, ಇನ್ನೊಬ್ಬರು ಸೋಗು ಹಾಕಿ ಮಾತಿನಲ್ಲಿ ಮರುಳು ಮಾಡುವುದರಲ್ಲಿ ಪಳಗಲಿ. ಒಂದೇ ಗುರುವಿನ ಕೈಕೆಳಗೆ ಕಲಿತು ಜಗಳವಾಡಿಕೊಂಡ ಇಬ್ಬರು ಎಂದು ಅವರೇ ಕಥೆ ಕಟ್ಟಿಕೊಂಡರೆ ನಿಮಗೆ ಆರು ತಿಂಗಳಿಗೆ ಸಾಕಾಗುವಷ್ಟು ಸಾಮಗ್ರಿ ಸಿಕ್ಕಿತು.

ಪುಸ್ತಕಗಳು ದುಬಾರಿಯಲ್ಲವೇ ಎಂಬ ಪ್ರಶ್ನೆ ಬಂತು. ಐದನೆಯ ಆವೃತ್ತಿಯ ಮೂಲ ನಿಯಮಗಳ ಕಡತವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಪ್ರತಿ ಮಾಡಬಹುದು, ಕನ್ನಡಕ್ಕೂ ತರಬಹುದು. ಹನ್ನೆರಡೂ ವರ್ಗಗಳು ಅದರಲ್ಲಿವೆ. ಪಾತ್ರದ ಹಾಳೆ ಕನ್ನಡದಲ್ಲಿದ್ದರೆ ಹೊಸಬರ ಅರ್ಧ ಸಂಕೋಚ ಅಲ್ಲೇ ಕಳೆಯುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಕೆಲಸಕ್ಕೆ ಕೈಜೋಡಿಸುವವರು ಸಭೆ ಮುಗಿದ ಮೇಲೆ ದಯವಿಟ್ಟು ನಿಲ್ಲಿ.

ಕಡೆಯದಾಗಿ ಶಾಲಾ ಶಿಕ್ಷಕಿಯೊಬ್ಬರ ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಆಡಿಸಲು ಮೂವರೇ ಮಕ್ಕಳಿದ್ದಾರೆ, ಮೂವರಿಗೂ ಖಡ್ಗವೇ ಬೇಕು, ಏನು ಮಾಡಲಿ? ಮೇಡಂ, ಮೂವರಿಗೂ ಖಡ್ಗವನ್ನೇ ಕೊಡಿ. ಒಬ್ಬರು ಕಾದಾಳಾಗಲಿ, ಒಬ್ಬರು ಪ್ಯಾಲಡಿನ್, ಒಬ್ಬರು ರೇಂಜರ್. ಪ್ಯಾಲಡಿನ್ ಕೈಯ ಸ್ಪರ್ಶ ಬಿದ್ದವರನ್ನು ಎಬ್ಬಿಸುತ್ತದೆ, ರೇಂಜರ್‌ಗೆ ಕಾಡು ಗೊತ್ತು, ಕಾದಾಳು ತಾನೇ ಉಸಿರು ಹಿಡಿದು ಚೇತರಿಸಿಕೊಳ್ಳಬಲ್ಲದು. ಬೀಗಗಳ ಬದಲು ಕೀಲಿಕೈ ಕದಿಯುವ ಕಥೆ ಮಾಡಿ. ಬೇಕೆನಿಸಿದರೆ ಸಹಾಯಕ ಪಾತ್ರಕ್ಕೆ 2020ರ ಪೂರಕ ಪುಸ್ತಕದಲ್ಲಿ ಸರಳ ನಿಯಮಗಳಿವೆ. ಸಣ್ಣ ಮಂತ್ರ ಬಲ್ಲ ಒಬ್ಬ ಸಂಗಾತಿಯನ್ನು ಜೊತೆಗೆ ಕೊಡಿ, ಅವನನ್ನು ನಡೆಸುವ ಕೆಲಸ ಮಕ್ಕಳಲ್ಲೇ ಸರದಿಯ ಮೇಲೆ ಹೋಗಲಿ. ಮೊದಲ ದಿನವೇ ಮದ್ದಿನ ಎರಡು ಬಾಟಲಿ ಸಿಗುವಂತೆ ಮಾಡಿ. ಯಾರ ಚೀಲದಲ್ಲಿ ಇರಬೇಕು ಎಂಬುದನ್ನು ಅವರೇ ಮಾತಾಡಿಕೊಂಡು ತೀರ್ಮಾನಿಸಲಿ, ಮುಗಿಯುವವರೆಗೆ ನೀವು ನಡುವೆ ಬಾಯಿ ಹಾಕಬೇಡಿ.